ತಲೆಯ ಮೇಲಿನ ಆಣೆ

ಕರಡಿದಿನ್ನಿಯ ವಿಠ್ಠಲ ಮಂದಿರಕ್ಕೆ ಗೋಪುರವಿಲ್ಲ. ಹತ್ತಿ ಮಿಲ್ಲಿನ ಹಿಂಗೋಡೆಗೆ ಆತುಕೊಂಡ ಒಂದು ತಗಡಿನ ಸೂರು, ಅದರ ಕೆಳಗೆ ಸೊಂಟದ ಮೇಲೆ ಕೈಯಿಟ್ಟು ನಿಂತ ವಿಠ್ಠಲ, ಪಕ್ಕದಲ್ಲಿ ರುಕ್ಮಿಣಿ. ಮಿಲ್ಲು ನಡೆಯುವ ತಿಂಗಳುಗಳಲ್ಲಿ ಅರಳೆಯ ಎಳೆಗಳು ಹಾರಿಬಂದು ದೇವರ ಕಿರೀಟದ ಮೇಲೂ ಭಕ್ತರ ಮೀಸೆಯ ಮೇಲೂ ಭೇದವಿಲ್ಲದೆ ಕೂರುತ್ತಿದ್ದವು. ಪೂಜ್ಯ ಗೋದಾತಾಯಿಯವರು ತಮ್ಮ ಜೀವಿತದ ಬಹುಭಾಗವನ್ನು ಕಳೆದದ್ದು ಈ ಮಂದಿರದ ಉಗ್ರಾಣದಲ್ಲಿ. ಹಿತ್ತಾಳೆ ಹಂಡೆಗಳು, ತಾಳ, ಮೃದಂಗ, ಪಂಢರಪುರಕ್ಕೆ ನಡೆದುಹೋಗುವ ದಿಂಡಿಯ ಪತಾಕೆಗಳು, ಇವುಗಳ ನಡುವೆ ಒಂದು ಚಾಪೆ. ಅವರ ಮಠವೂ ಪೀಠವೂ ಅಷ್ಟೇ.

ಹಗಲೆಲ್ಲ ಗೋಣಿಚೀಲದ ಮೇಲೆ ಕುಳಿತು ಹೂಬತ್ತಿ ಹೊಸೆಯುವುದು ತಾಯಿಯವರ ಕಾಯಕವಾಗಿತ್ತು. ಉಪದೇಶ ಬೇಡಿ ಬಂದವರ ಕೈಗೂ ಒಂದು ಹಿಡಿ ಅರಳೆ ಕೊಡುತ್ತಿದ್ದರು. "ಹುಬ್ಬಳ್ಳಿಯಿಂದ ಕಾರು ಮಾಡಿಕೊಂಡು ಬಂದರೆ ಬತ್ತಿ ಹೊಸಿಸಿ ಕಳಿಸಿದರು" ಎಂದು ಗೊಣಗುತ್ತ ಹೋದ ದೊಡ್ಡ ಮನುಷ್ಯರು ಅನೇಕರಿದ್ದರು. ಅವರಲ್ಲಿ ಹೆಚ್ಚಿನವರು ಮರಳಿ ಬಂದರು ಎನ್ನುವುದನ್ನೂ ಹೇಳಿಬಿಡಬೇಕು.

ಆ ಮಂದಿರದಲ್ಲಿ ಏಕಾದಶಿಗೆ ಒಂದು ರೂಢಿಯಿತ್ತು. ಕುಡಿಯುವ ಗಂಡಸರನ್ನು ಅವರವರ ಮನೆಯ ಹೆಂಗಸರು ಕರೆತಂದು (ಕರೆತಂದು ಎನ್ನುವುದು ಮರ್ಯಾದೆಯ ಮಾತು, ಎಳೆತಂದು ಎನ್ನುವುದೇ ಸರಿ) ದೇವರ ಪಾದುಕೆ ಮುಟ್ಟಿಸಿ ಆಣೆ ಮಾಡಿಸುತ್ತಿದ್ದರು. ಪೂಜಾರಿಗಳು ತುಳಸಿದಳ ಕೊಡುತ್ತಿದ್ದರು, ನೆರೆದವರು "ಪಾಂಡುರಂಗ ಹರಿ" ಎನ್ನುತ್ತಿದ್ದರು. ಸರಿಯಾಗಿ ಆ ಹೊತ್ತಿಗೆ ತಾಯಿಯವರು ಎದ್ದು ಒಳಗೆ ಹೋಗಿಬಿಡುತ್ತಿದ್ದರು. ಅದಕ್ಕೆ ಕಾರಣವಿತ್ತು. ಹಿಂದೊಮ್ಮೆ ಹೀಗೆ ಆಣೆ ಮಾಡಿದ ಗಾಣಿಗರ ಮುದುಕನೊಬ್ಬ ಅಂದಿನಿಂದಲೇ ಒಂದು ಹನಿ ಮುಟ್ಟದೆ ಕುಳಿತ. ಎರಡು ದಿನ ಕಳೆಯುವಷ್ಟರಲ್ಲಿ ಮೈ ನಡುಗಿ, ಗೋಡೆಯ ಮೇಲೆ ಹಾವು ಕಂಡು, ಹಲ್ಲು ಕಚ್ಚಿ ಬಿದ್ದ. ಜನ ಇದು ದೇವರ ಪರೀಕ್ಷೆಯೆಂದು ತಿಳಿದು ಅವನ ಸುತ್ತ ಭಜನೆ ಮಾಡಿದರು. ವೈದ್ಯರು ಬರುವಷ್ಟರಲ್ಲಿ ತಡವಾಗಿತ್ತು. ಆ ಮುದುಕನ ತಲೆಯನ್ನು ಕೊನೆಯವರೆಗೂ ತೊಡೆಯ ಮೇಲಿಟ್ಟುಕೊಂಡು ಕುಳಿತವರು ತಾಯಿಯವರು. ಅದರ ಬಗ್ಗೆ ಅವರು ಯಾರ ಬಳಿಯೂ ಮಾತನಾಡಲಿಲ್ಲ. ಆಣೆಯ ಹೊತ್ತಿಗೆ ಮಾತ್ರ ಎದ್ದು ಹೋಗುತ್ತಿದ್ದರು.

ಇಂಥ ಒಂದು ಏಕಾದಶಿಯ ಬೆಳಿಗ್ಗೆ ದ್ವಾರಕಾಬಾಯಿ ತನ್ನ ಗಂಡನನ್ನೂ ಮಗಳನ್ನೂ ಕರೆದುಕೊಂಡು ಮಂದಿರಕ್ಕೆ ಬಂದಳು.

ಗಂಡ ದತ್ತೋಬಾ, ಸಿಂಪಿಗರ ಓಣಿಯ ಟೇಲರ್. ಅವನು ಹೊಲಿದ ರವಿಕೆ ತೊಟ್ಟರೆ ಮೈಗೇ ಹುಟ್ಟಿದಂತೆ ಕೂರುತ್ತದೆಂದು ಸುತ್ತಲ ಊರುಗಳಲ್ಲಿ ಮಾತಿತ್ತು. ಅದೇ ದತ್ತೋಬಾ ಬೆಳಿಗ್ಗೆ ಒಂದು ಗುಟುಕು ಹಾಕದಿದ್ದರೆ ಸೂಜಿಗೆ ದಾರ ಪೋಣಿಸಲಾರ ಎಂಬುದು ದ್ವಾರಕಾಬಾಯಿಗೆ ಮಾತ್ರ ಗೊತ್ತಿತ್ತು, ಅಥವಾ ಹಾಗೆಂದು ಅವಳು ನಂಬಿದ್ದಳು. ಹೊಲಿಗೆ ತಡವಾದಾಗ "ಅವರಿಗೆ ಜ್ವರ ರಿ," "ಅವರಿಗೆ ಸೊಂಟ ಹಿಡದೈತ್ರಿ" ಎಂದು ಗಿರಾಕಿಗಳಿಗೆ ಹೇಳಿ ಹೇಳಿ, ಗಂಡನ ದೇಹದಲ್ಲಿ ಇನ್ನು ರೋಗ ಹುಟ್ಟಿಸಲು ಜಾಗವೇ ಉಳಿಯದಂತೆ ಮಾಡಿದ್ದಳು. ಅವಳು ಪ್ರಯತ್ನಿಸದ ಉಪಾಯವಿರಲಿಲ್ಲ. ಮೀರಜಿನ ಕಡೆಯ ಒಬ್ಬ ವೈದ್ಯನ ಪುಡಿಯನ್ನು ಗುಟ್ಟಾಗಿ ಸಾರಿಗೆ ಬೆರೆಸಿದ್ದಳು. ದತ್ತೋಬಾ ಅಂದು ಸಾರು ಮುಟ್ಟಲಿಲ್ಲ, ಉಂಡು ವಾಂತಿ ಮಾಡಿಕೊಂಡವಳು ಅವಳೇ. ತುಳಸಿಮಾಲೆ ಹಾಕಿಸಿದ್ದಳು. ಮಾಲೆ ಕೊರಳಲ್ಲಿದ್ದಾಗ ಕುಡಿಯಬಾರದಷ್ಟೇ? ದೈವಭೀರುವಾದ ದತ್ತೋಬಾ ಕುಡಿಯುವ ಮುಂಚೆ ಮಾಲೆಯನ್ನು ತೆಗೆದು ಕಣ್ಣಿಗೊತ್ತಿಕೊಂಡು ಅಂಗಡಿಯ ಮೊಳೆಗೆ ನೇತುಹಾಕುತ್ತಿದ್ದ.

ಕೊನೆಗೆ ಉಗಾದಿಯಂದು ಅವಳು ಆ ಕೆಲಸ ಮಾಡಿದಳು. ಮಗಳು ಸಖೂಗೆ ಎಣ್ಣೆ ನೀರು ಹಾಕಿ, ಹೊಸ ಲಂಗ ತೊಡಿಸಿ, ಗಂಡನ ಮುಂದೆ ನಿಲ್ಲಿಸಿದಳು. "ಕೂಸಿನ ತಲಿ ಮ್ಯಾಲೆ ಕೈ ಇಟ್ಟು ಹೇಳ್ರಿ, ಇನ್ನ ಕುಡಿಯೂದಿಲ್ಲಂತ." ದತ್ತೋಬಾ ಕೈಯಿಟ್ಟ, ಹೇಳಿದ, ಗಳಗಳನೆ ಅತ್ತ. ಅವನು ಸುಳ್ಳು ಹೇಳಲಿಲ್ಲ. ಆ ಗಳಿಗೆಯಲ್ಲಿ ಅದು ಅವನ ಪಾಲಿಗೆ ನಿಜವೇ ಆಗಿತ್ತು. ಮದುವೆಯ ಹಂಗಾಮು ಮುಗಿಯುವವರೆಗೆ ಅದನ್ನು ನಡೆಸಿಯೂ ನಡೆಸಿದ. ಅದಾದ ಮೇಲೆ ಒಂದು ಸಂಜೆ ಕುಡಿದು ಬಂದ.

ದ್ವಾರಕಾಬಾಯಿ ಎಂದಿನಂತೆ ಬಾಗಿಲಲ್ಲಿ ನಿಂತು ಗಂಡನ ಉಸಿರು ಮೂಸಿದಳು. ಈ ವಿಷಯದಲ್ಲಿ ಅವಳ ಮೂಗು ಇಡೀ ಅಬಕಾರಿ ಇಲಾಖೆಗಿಂತ ಚುರುಕು. ಅವಳು ಅತ್ತಳು, ಬೈದಳು, ಉಣ್ಣಲಿಕ್ಕೆ ಬಡಿಸಿದಳು. ಬದಿಯಲ್ಲೇ ತುದಿಗಾಲಲ್ಲಿ ನಿಂತು ಸಖೂ ಕೂಡ ಮೂಸಿದ್ದನ್ನು ಅವಳು ನೋಡಲಿಲ್ಲ.

ಕೆಲವು ದಿನಗಳ ಮೇಲೆ ಪಕ್ಕದ ಓಣಿಯ ಹೆಂಗಸೊಬ್ಬಳು ಸಖೂಳ ಕಂಪಾಸ್ ಪೆಟ್ಟಿಗೆಯನ್ನು ಹಿಡಿದುಕೊಂಡು ಬಂದಳು. "ನಿಮ್ಮ ಹುಡುಗಿ ಇದನ್ನ ನಮ್ಮ ಹುಡುಗಿಗೆ ಕೊಟ್ಟಾಳ ನೋಡ್ರಿ. ಕೈಯಾಗಿನ ಬಳಿ ಸೈತ ಕೊಟ್ಟಾಳ. ಯಾಕವಾ ಅಂತ ಕೇಳಿದ್ರ, ನನಗ ಇನ್ನ ಬೇಕಾಗೂದಿಲ್ಲ ಅಂತಾಳ." ಹೆಂಗಸು ನಕ್ಕಳು. ದ್ವಾರಕಾಬಾಯಿಯೂ ನಗಬೇಕೆಂದು ಬಾಯಿ ತೆರೆದಳು, ಆಗಲಿಲ್ಲ. ಕೆಲದಿನಗಳಿಂದ ಹುಡುಗಿ ತಟ್ಟೆಯಲ್ಲಿ ಅನ್ನ ಬಿಡುತ್ತಿದ್ದದ್ದು, ಮಲಗಿದವಳು ಎದೆಯ ಮೇಲೆ ಕೈಯಿಟ್ಟು ನೋಡಿಕೊಳ್ಳುತ್ತಿದ್ದದ್ದು, ಎಲ್ಲವೂ ಅವಳಿಗೆ ಒಮ್ಮೆಲೇ ಅರ್ಥವಾಯಿತು.

ಗಂಡನಿಗೆ ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಅವಳಿಗೆ ಹೊಳೆದದ್ದು ಒಂದೇ ದಾರಿ. ಆ ಆಣೆ ಕೆಟ್ಟಿತು. ಅದನ್ನು ಬಿಚ್ಚಿಸಿ, ಅದಕ್ಕಿಂತ ಗಟ್ಟಿಯಾದ ಇನ್ನೊಂದನ್ನು ತಾಯಿಯವರ ಕೈಯಿಂದಲೇ ಹಾಕಿಸಬೇಕು.

ಮಂದಿರದ ಬಾಗಿಲಲ್ಲಿ ಹೂ ಮಾರುವ ಬಾಳಕ್ಕ ಕುಳಿತಿದ್ದಳು. ಅವಳ ನಾಲಿಗೆಗೆ ಏಕಾದಶಿಯ ಉಪವಾಸ ಲೆಕ್ಕವಿಲ್ಲ. "ಏನ್ ದ್ವಾರಕಾಬಾಯಿ, ಟೇಲರ್ ಸಾಹೇಬರನ್ನ ಇಸ್ತ್ರಿ ಮಾಡಿಸಾಕ ತಂದೀಯೇನು?"

"ಇಸ್ತ್ರಿ ಆಮ್ಯಾಲೆ ಬಾಳಕ್ಕ, ಮೊದಲ ಒಗ್ಯಾಕ ತಂದೀನಿ" ಎಂದು ದ್ವಾರಕಾಬಾಯಿ ಗಂಡನ ತೋಳು ಹಿಡಿದು ಒಳಗೆ ನಡೆದಳು. ದತ್ತೋಬಾ ಕುಡಿದಿರಲಿಲ್ಲ, ಆದ್ದರಿಂದಲೇ ಅವನ ಕೈ ನಡುಗುತ್ತಿತ್ತು.

ತಾಯಿಯವರು ಆಣೆಯ ಹೊತ್ತಾಯಿತೆಂದು ಏಳುವುದರಲ್ಲಿದ್ದರು. ಸಖೂಳನ್ನು ನೋಡಿ ಮತ್ತೆ ಕುಳಿತರು. ದ್ವಾರಕಾಬಾಯಿ ಕಾಲಿಗೆ ಬಿದ್ದು ಮಾತು ಶುರುಮಾಡಿದಳು. ತಾಯಿಯವರು ಅವಳನ್ನೂ ನೋಡಲಿಲ್ಲ, ದತ್ತೋಬಾನನ್ನೂ ನೋಡಲಿಲ್ಲ.

"ಯಾಕವಾ ಹಿಂಗ ಸೊರಗೀದಿ? ಊಟ ಮಾಡೂದಿಲ್ಲೇನು?"

"ನನಗ ಊಟ ಬ್ಯಾಡ್ರಿ" ಎಂದಳು ಸಖೂ. "ನಾ ಸಾಯಾಕಿ ಅದೀನಿ."

"ಯಾರು ಹೇಳಿದ್ರು?"

"ಯಾರೂ ಹೇಳಿಲ್ರಿ. ಅಪ್ಪ ನನ್ನ ತಲಿ ಮ್ಯಾಲೆ ಕೈ ಇಟ್ಟು ಆಣಿ ಮಾಡಿದ್ದ. ಆಮ್ಯಾಲೆ ಕುಡದ. ನಾನ ವಾಸನಿ ನೋಡೀನಿ."

ಆರೋಪಿಸುವ ದನಿಯಿರಲಿಲ್ಲ ಅದರಲ್ಲಿ. ನಾಳೆ ಶಾಲೆಗೆ ರಜೆ ಎಂದಂತೆ ಹೇಳಿದಳು. ಮಗಳಿಗೆ ಗೊತ್ತಿದೆಯೆಂದು ದತ್ತೋಬಾನಿಗೆ ಗೊತ್ತಿರಲಿಲ್ಲ.

ತಾಯಿಯವರು ಕೈಯಲ್ಲಿದ್ದ ಅರಳೆಯನ್ನು ಬದಿಗಿಟ್ಟರು. "ದತ್ತೋಬಾ, ಆ ಕೈ ಕೊಡು ಇಲ್ಲೆ."

ಅವನು ಚಾಚಿದ ಕೈಯನ್ನು ಹಿಡಿದು ಮೊದಲು ಹುಡುಗಿಯ ತಲೆಯ ಮೇಲಿಟ್ಟರು. ಅಲ್ಲಿಂದ ಎತ್ತಿ ತಮ್ಮ ತಲೆಯ ಹತ್ತಿರ ತಂದರು. ತಾಯಿಯವರ ಪಾದ ಮುಟ್ಟುವುದಕ್ಕೇ ಜನ ಹಿಂದುಮುಂದು ನೋಡುತ್ತಿದ್ದ ಕಾಲ ಅದು. "ಕೂಸಿನ ಮ್ಯಾಲಿನ ಆಣಿ ತಗದು ಇಲ್ಲಿ ಇಡು."

"ಬ್ಯಾಡ್ರಿ ತಾಯಿಯವರ, ನಾ ಪಾಪಿ ಅದೀನಿ, ನನ್ನ ಕೈ..."

"ಇಡು."

ಇಟ್ಟ.

ಸಖೂ ಆ ಕೈಯನ್ನೇ ನೋಡುತ್ತ ಕೇಳಿದಳು. "ಹಂಗಾದ್ರ ಇನ್ನ ಅಪ್ಪ ಕುಡದ್ರ ನೀವು ಸಾಯ್ತೀರೇನ್ರಿ?"

"ಸಾಯ್ತೀನಿ, ಒಂದಿನ. ಎಲ್ಲಾರೂ ಸಾಯ್ತಾರ. ಆದ್ರ ನಿಮ್ಮಪ್ಪ ಕುಡದ ಅಂತ ಅಲ್ಲ." ತಾಯಿಯವರು ಹುಡುಗಿಯ ಕೈಗೆ ಒಂದು ಹಿಡಿ ಅರಳೆ ಕೊಟ್ಟರು. "ನೋಡ್ತಿರು."

ದ್ವಾರಕಾಬಾಯಿಗೆ ಸಮಾಧಾನವಾಗಲಿಲ್ಲ. ಹಳೆಯದನ್ನು ಬಿಚ್ಚಿದ್ದಾಯಿತು, ಹೊಸದೆಲ್ಲಿ? "ತಾಯಿಯವರ, ಇವರಿಗೆ ವಿಠ್ಠಲನ ಪಾದದ ಮ್ಯಾಲೆ ಇನ್ನೊಂದು ಗಟ್ಟಿ ಆಣಿ ಹಾಕಸ್ರಿ. ಅಂಜಿಕಿ ಇಲ್ದ ಇವರು ಬಿಡಾಂಗಿಲ್ರಿ."

"ಅಂಜಿಕಿ ಇದ್ದಾಗ ಬಿಟ್ಟಾನೇನು?"

ತಾಯಿಯವರು ದತ್ತೋಬಾನ ಕಡೆ ತಿರುಗಿದರು. "ಮೊದಲ ದವಾಖಾನಿಗೆ ಹೋಗು. ಅವರು ಹೇಳಿದಂಗ ಕೇಳು. ಆಮ್ಯಾಲೆ ದಿನಾ ಸಂಜಿಕ ಇಲ್ಲಿಗೆ ಬಾ."

"ನಡುವ ಒಂದಿನಾ ಕುಡದ್ರ ಹೆಂಗ ಬರ್ಲಿರಿ?"

"ಕುಡದ್ರೂ ಬಾ."

ಪೂಜಾರಿಗಳಿಗೆ ತಡೆಯಲಾಗಲಿಲ್ಲ. "ಮಂದಿರಕ್ಕ ಕುಡದು ಬರೂದೇನ್ರಿ, ತಾಯಿಯವರ?"

"ಬರಲಾರದ ದಿನ ಅವನನ್ನ ಹುಡಿಕ್ಕೊಂಡು ಹೋಗಾವರು ಯಾರ್ರಿ? ನೀವು ಹೋಗ್ತೀರೇನು?" ಎಂದು ಕೇಳಿ ತಾಯಿಯವರು ಮತ್ತೆ ಬತ್ತಿ ಹೊಸೆಯತೊಡಗಿದರು. ಪೂಜಾರಿಗಳು ಗಂಟೆ ಒರೆಸಲು ಹೋದರು.

ದ್ವಾರಕಾಬಾಯಿ ಸಿಟ್ಟಿನಿಂದಲೇ ಮನೆಗೆ ಬಂದಳು. ದೇವರ ಬಳಿ ಹೋದರೆ ದವಾಖಾನೆಗೆ ಕಳಿಸುತ್ತಾರೆ, ಇದಕ್ಕೆ ಏಕಾದಶಿ ಯಾಕೆ ಬೇಕಿತ್ತು ಎನ್ನುವುದು ಅವಳ ವಾದ. ಆದರೂ ಕರೆದುಕೊಂಡು ಹೋದಳು. ಜಿಲ್ಲಾ ಆಸ್ಪತ್ರೆಯಲ್ಲಿ ದತ್ತೋಬಾ ಮೈಯೆಲ್ಲ ನಡುಗಿ, ಬೆವರಿ, ಇಲ್ಲದ ಜನರೊಡನೆ ಅಳತೆಪಟ್ಟಿಗಾಗಿ ಜಗಳವಾಡಿದ. ಅಲ್ಲಿಯ ಡಾಕ್ಟರು ಹೆಣ್ಣುಮಗಳು, ಮಾತು ಕಡಿಮೆ. "ಇದು ಬರೀ ಚಟ ಅಲ್ರಿ, ಕಾಯಿಲೆ. ಮನ್ಯಾಗ ಒಮ್ಮಿಗೇ ಬಿಡಿಸಿದ್ರ ಜೀವಕ್ಕ ಕುತ್ತಿತ್ತು. ಚಲೋ ಮಾಡಿದ್ರಿ, ಕರಕೊಂಡು ಬಂದ್ರಿ" ಎಂದರು. ಗಾಣಿಗರ ಮುದುಕನ ಕಥೆ ದ್ವಾರಕಾಬಾಯಿಗೆ ನೆನಪಾದದ್ದು ಆಗ. ಸಿಟ್ಟು ಅರ್ಧ ಇಳಿಯಿತು.

ಗುಣವಾಗಿ ಬಂದ ದತ್ತೋಬಾ ಸಂಜೆ ಸಂಜೆಗೆ ಮಂದಿರಕ್ಕೆ ಹೋಗತೊಡಗಿದ. ಬಾರಿನ ದೀಪ ಹತ್ತುವ ಹೊತ್ತಿಗೆ ಅವನು ಅರಳೆಯ ಮುಂದೆ ಕುಳಿತಿರುತ್ತಿದ್ದ. ರೇಷ್ಮೆಯ ಮೇಲೆ ಕಾಣದಂತೆ ಹೊಲಿಗೆ ಹಾಕುವವನಿಗೆ ಒಂದು ಬತ್ತಿ ನೆಟ್ಟಗೆ ಬರಲೊಲ್ಲದು. "ಇದು ಬತ್ತಿ ಅಲ್ಲೋ ಮಾರಾಯ, ಹಗ್ಗ. ವಿಠ್ಠಲ ಇದನ್ನ ಹಿಡಕೊಂಡು ಬಾವಿಗೆ ಇಳೀಬೋದು" ಎಂದು ಬಾಳಕ್ಕ ನಗುತ್ತಿದ್ದಳು. ಅವನೂ ನಗುತ್ತಿದ್ದ. ತಾಯಿಯವರು ಆ ಹಗ್ಗಗಳನ್ನೂ ಎಣ್ಣೆಯಲ್ಲಿ ಅದ್ದಿ ಹಚ್ಚುತ್ತಿದ್ದರು.

ಮನೆಗೆ ಬಂದಾಗ ಬಾಗಿಲಲ್ಲಿ ದ್ವಾರಕಾಬಾಯಿ ನಿಂತಿರುತ್ತಿದ್ದಳು. ಮಂದಿರದಿಂದ ಬಂದವನನ್ನೂ ಅವಳು ಮೂಸದೆ ಒಳಗೆ ಬಿಡುತ್ತಿರಲಿಲ್ಲ. ಕುಡಿಯದವನು ಕುಡಿಯದಿರುವುದಕ್ಕೆ ದಿನವೂ ಸಾಕ್ಷಿ ಕೊಡಬೇಕಾಗಿತ್ತು.

ಶ್ರಾವಣದಲ್ಲಿ ದತ್ತೋಬಾ ಹೊಲಿಗೆ ಮಷೀನಿನ ಸಾಮಾನು ತರಲು ಬಾಗಲಕೋಟೆಗೆ ಹೋದ. ಅಲ್ಲಿ ಹಳೆಯ ಗೆಳೆಯನೊಬ್ಬ ಸಿಕ್ಕ. ಇಂಥ ಕಥೆಗಳಲ್ಲಿ ಹಳೆಯ ಗೆಳೆಯರು ಸಿಗುವುದೇ ಹೀಗೆ. ಕುಡಿದು ಮರಳಿದವನು ಮನೆಯ ಬಾಗಿಲವರೆಗೂ ಬರಲಿಲ್ಲ, ಅಂಗಡಿಯೊಳಗೆ ಹೊಕ್ಕು ಶಟರು ಎಳೆದುಕೊಂಡ.

ಮರುದಿನ ಬೆಳಿಗ್ಗೆ ಗೋದಾತಾಯಿಯವರು ಜ್ವರದಿಂದ ಹಾಸಿಗೆ ಹಿಡಿದರು.

ಆ ವಾರ ಕರಡಿದಿನ್ನಿಯಲ್ಲಿ ಮನೆಗೊಬ್ಬರು ಜ್ವರ ಬಂದು ಮಲಗಿದ್ದರು. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಆಣೆ ಎಲ್ಲಿತ್ತೋ ಅಲ್ಲಿಗೇ ತಟ್ಟಿತೆಂದು ಊರಿಗೆ ಊರೇ ಮಾತಾಡಿತು. "ತಾಯಿಯವರನ್ನ ನುಂಗಿದ್ಯಲ್ಲೋ ಕುಡುಕಾ" ಎಂದು ಅಂಗಡಿಯ ಶಟರಿಗೆ ಯಾರೋ ಕಲ್ಲು ಬೀಸಿದರು. ಅದನ್ನು ಕೇಳಿದ ದತ್ತೋಬಾ ಒಳಗೇ ಇನ್ನಷ್ಟು ಕುಡಿದ. ಸಖೂ ಮಾತ್ರ ಮಂದಿರದ ಕಟ್ಟೆಯ ಮೇಲೆ ಹೋಗಿ ಕುಳಿತುಬಿಟ್ಟಳು. ತಾಯಿಯವರು ಹೇಳಿದ್ದರಲ್ಲ, ನೋಡ್ತಿರು ಎಂದು. ಅವಳು ನೋಡುತ್ತಿದ್ದಳು.

ದ್ವಾರಕಾಬಾಯಿ ಮಧ್ಯಾಹ್ನ ಉಗ್ರಾಣದೊಳಗೆ ಓಡಿಬಂದು ಚಾಪೆಯ ಬದಿಗೆ ಬಿದ್ದಳು. "ನಿಮ್ಮನ್ನ ನಾವ ಕೊಂದ್ವಿ ತಾಯಿಯವರ!"

"ಸೊಳ್ಳಿ ಕಡದೈತಿ" ಎಂದರು ತಾಯಿಯವರು. ತಲೆಯ ಬಳಿ ಡಾಕ್ಟರು ಕೊಟ್ಟ ಗುಳಿಗೆಯ ಪೊಟ್ಟಣವಿತ್ತು. "ದತ್ತೋಬಾ ಎಲ್ಲಿ?"

"ಕುಡದಾರ್ರಿ."

"ಕುಡದ್ರೂ ಬಾ ಅಂದಿದ್ನಲ್ಲ."

"ಯಾವ ಮುಖ ಇಟಗೊಂಡು ಬರ್ತಾರ್ರಿ?"

"ಐತೆಲ್ಲ ಒಂದು ಮುಖ. ಅದನ್ನ ತಗೊಂಡು ಬರಾಕ ಹೇಳು."

ದ್ವಾರಕಾಬಾಯಿಯ ಒಳಗೆ ಇಷ್ಟು ವರ್ಷ ಕಟ್ಟಿಕೊಂಡಿದ್ದದ್ದೆಲ್ಲ ಒಡೆದುಬಂತು. "ನಾ ಏನ ಕಡಿಮಿ ಮಾಡೀನ್ರಿ ತಾಯಿಯವರ? ಪುಡಿ ಹಾಕಿದೆ, ಮಾಲಿ ಹಾಕಿಸಿದೆ, ಗಿರಾಕಿಗೆ ಸುಳ್ಳು ಹೇಳಿದೆ. ದಿನಾ ಬಾಗಿಲದಾಗ ನಿಂತು ಬಾಯಿ ಮೂಸಿ ನೋಡೀನ್ರಿ, ಒಂದಿನಾ ತಪ್ಪಿಸಿಲ್ಲ."

ತಾಯಿಯವರು ಕಣ್ಣು ತೆರೆದು ಅವಳನ್ನೇ ನೋಡಿದರು. ಆ ನೋಟದಲ್ಲಿ ಬೇಸರವಿರಲಿಲ್ಲ.

"ಕೂಸಿಗೆ ಮೂಸೂದು ಯಾರು ಕಲಿಸಿದ್ರು?"

ದ್ವಾರಕಾಬಾಯಿ ಅಳುವುದನ್ನು ನಿಲ್ಲಿಸಿದಳು. ಗಂಡ ಕುಡಿದದ್ದು ಅವನ ಪಾಡು. ಆದರೆ ಮಗಳ ತಲೆಯನ್ನು ಒಡ್ಡಿದವಳು, ಮಗಳ ಮೂಗಿಗೆ ಆ ವಾಸನೆಯನ್ನು ಕಲಿಸಿದವಳು ತಾನು. ಇದನ್ನು ಯಾರೂ ಅವಳಿಗೆ ಬಿಡಿಸಿ ಹೇಳಬೇಕಾಗಲಿಲ್ಲ.

"ಅವನ ಕುಡತ ಅವನು ಬಿಡ್ಲಿ" ಎಂದರು ತಾಯಿಯವರು ಮೆಲ್ಲಗೆ. "ನೀ ಕಾವಲು ಬಿಡು."

"ನಾ ಬಿಟ್ರ ಯಾರು ನೋಡಾವರ್ರಿ?"

ತಾಯಿಯವರು ತೆರೆದ ಬಾಗಿಲಿನಾಚೆ ಸೊಂಟದ ಮೇಲೆ ಕೈಯಿಟ್ಟು ನಿಂತವನ ಕಡೆ ಗಲ್ಲ ಎತ್ತಿ ತೋರಿಸಿದರು. "ಅಂವ ನಿಂತಾನಲ್ಲ. ಬಂದವರನ್ನ ಒಬ್ಬರನ್ನೂ ಮೂಸಿ ನೋಡಿಲ್ಲ."

ದ್ವಾರಕಾಬಾಯಿ ಎದ್ದು ಸೆರಗಿನಿಂದ ಮುಖ ಒರೆಸಿಕೊಂಡು ನೇರ ಅಂಗಡಿಗೆ ನಡೆದಳು. ಅಲ್ಲಿ ಗೌಡರ ಮನೆಯ ಹೆಂಗಸೊಬ್ಬಳು ರವಿಕೆಗಾಗಿ ಕಾಯುತ್ತಿದ್ದಳು. "ಯಾಕ, ಇವತ್ತೂ ಸೊಂಟ ಹಿಡದೈತೇನು?" ಎಂದಳು ಕೊಂಕಾಗಿ. ತನ್ನ ಸುಳ್ಳನ್ನು ಗಿರಾಕಿಗಳು ಒಮ್ಮೆಯೂ ನಂಬಿರಲಿಲ್ಲ ಎಂಬುದು ದ್ವಾರಕಾಬಾಯಿಗೆ ಅರ್ಥವಾದದ್ದು ಆ ಕೊಂಕಿನಲ್ಲಿ.

"ಸೊಂಟ ಚಲೋ ಐತ್ರಿ. ಕುಡದಾರ" ಎಂದಳು. "ನಿಮ್ಮ ರವಿಕಿ ನಾಳಿಗೆ ಆಗೂದಿಲ್ಲ. ಅವಸರ ಇದ್ರ ಬ್ಯಾರೆ ಕಡೆ ಕೊಡ್ರಿ."

ಹೆಂಗಸಿನ ಬಾಯಿ ತೆರೆದುಕೊಂಡೇ ಇತ್ತು. ದ್ವಾರಕಾಬಾಯಿ ಶಟರು ಎತ್ತಿದಳು. ಬಟ್ಟೆಯ ಚೂರುಗಳ ಮೇಲೆ ಮುದುಡಿ ಕುಳಿತಿದ್ದ ದತ್ತೋಬಾ ಬೆಳಕಿಗೆ ಕಣ್ಣು ಮುಚ್ಚಿಕೊಂಡ.

"ಏಳ್ರಿ. ತಾಯಿಯವರು ಕರ್ಯಾಕತ್ತಾರ."

"ಅದಾರ?" ಎಂದ ಅವನು. ತಾಯಿಯವರು ಇನ್ನೂ ಬದುಕಿದ್ದಾರೆಯೇ ಎಂಬುದು ಅವನ ಪ್ರಶ್ನೆ.

"ಅದಾರ. ಸೊಳ್ಳಿ ಕಡದೈತಂತ."

ಹಾಡುಹಗಲಿನಲ್ಲಿ, ಸಂತೆಪೇಟೆಯ ನಡುವೆ, ತೂರಾಡುವ ಗಂಡನ ತೋಳಿಗೆ ತೋಳು ಕೊಟ್ಟು ದ್ವಾರಕಾಬಾಯಿ ಮಂದಿರಕ್ಕೆ ನಡೆದಳು. ಇಷ್ಟು ವರ್ಷ ಕತ್ತಲಾಗುವುದನ್ನು ಕಾದು ಸಂದಿಯಿಂದ ಮನೆಗೆ ಸೇರಿಸುತ್ತಿದ್ದವಳು ಅಂದು ಯಾವ ಸಂದಿಯನ್ನೂ ಹುಡುಕಲಿಲ್ಲ. ಚಹಾದಂಗಡಿಯ ಕಟ್ಟೆಯಿಂದ "ಮೆರವಣಿಗಿ ಹೊಂಟೈತ್ರೋ, ಬಾಜಾ ತರ್ರಿ" ಎಂದು ಕೂಗಿದರು. ಅವಳು ಅತ್ತ ತಿರುಗಲಿಲ್ಲ.

ಮಂದಿರದಲ್ಲಿ ತಾಯಿಯವರನ್ನು ಗೋಡೆಗೆ ಒರಗಿಸಿ ಕೂರಿಸಿ ಬಾಳಕ್ಕ ಗಂಜಿ ಕುಡಿಸುತ್ತಿದ್ದಳು. ದತ್ತೋಬಾ ಹೊಸ್ತಿಲ ಹೊರಗೇ ನಿಂತ.

"ಬಂದ್ಯಾ? ಕೂಡು" ಎಂದರು ತಾಯಿಯವರು. "ಬತ್ತಿ ತೀರ್ಯಾವ."

ಅವನು ಕುಳಿತ. ಅರಳೆ ಅವನ ಬೆರಳಿಗೆ ಸಿಗಲಿಲ್ಲ. ಕಟ್ಟೆಯಿಂದ ಇಳಿದು ಒಳಗೆ ಬಂದ ಸಖೂ ತಾಯಿಯವರ ತೀರ ಹತ್ತಿರ ನಿಂತು ಅವರ ಬಾಯನ್ನು, ಗಂಟಲನ್ನು, ಗಂಜಿಯ ಬಟ್ಟಲನ್ನು ನೋಡಿದಳು. ತಿರುಗಿ ಅಪ್ಪನನ್ನು ನೋಡಿದಳು. ಮತ್ತೆ ತಾಯಿಯವರನ್ನು ನೋಡಿದಳು. ಕೊನೆಗೆ, ತರಗತಿಯಲ್ಲಿ ಎದ್ದು ನಿಂತು ಉತ್ತರ ಹೇಳುವಂತೆ ಗಟ್ಟಿಯಾಗಿ ಹೇಳಿದಳು:

"ಅಪ್ಪ ಕುಡದಾನ. ತಾಯಿಯವರು ಗಂಜಿ ಕುಡ್ಯಾಕತ್ತಾರ. ಯಾರೂ ಸತ್ತಿಲ್ಲ."

ಆಮೇಲೆ "ನನಗೂ ಗಂಜಿ ಕೊಡ್ರಿ" ಎಂದಳು.

ತಾಯಿಯವರು ಕೆಮ್ಮು ಬರುವವರೆಗೂ ನಕ್ಕರು. ದತ್ತೋಬಾ ಮುಖ ಮುಚ್ಚಿಕೊಂಡು ಅತ್ತ. ದ್ವಾರಕಾಬಾಯಿ ಅಳಲಿಲ್ಲ. ಮಗಳು ಎರಡನೆಯ ಬಟ್ಟಲು ಗಂಜಿ ಕೇಳುವವರೆಗೆ ಬದಿಯಲ್ಲಿ ಕುಳಿತು ನೋಡಿದಳು, ಅದೇ ಅವಳಿಗೆ ಅಂದಿನ ಆರತಿ.

ದತ್ತೋಬಾ ಅಂದಿನಿಂದಲೇ ಬಿಟ್ಟನೆಂದು ಬರೆದರೆ ಭಕ್ತರಿಗೆ ಸಂತೋಷವಾದೀತು, ಆದರೆ ತಾಯಿಯವರು ಮೆಚ್ಚುತ್ತಿರಲಿಲ್ಲ. ಅವನು ಆಮೇಲೂ ಬಿದ್ದ. ಬಿದ್ದಾಗಲೆಲ್ಲ ದವಾಖಾನೆಗೂ ಹೋದ, ಮಂದಿರಕ್ಕೂ ಬಂದ. ಬರುಬರುತ್ತ ಬೀಳುವುದು ಅಪರೂಪವಾಯಿತು, ಬತ್ತಿಗಳು ತೆಳ್ಳಗಾದವು. ಪೂಜ್ಯ ಗೋದಾತಾಯಿಯವರು ತುಂಬು ವಯಸ್ಸಿನಲ್ಲಿ, ಕಾರ್ತಿಕದ ಒಂದು ಮುಂಜಾನೆ, ವಿಠ್ಠಲನ ಪಾದ ಸೇರಿದರು. ಆ ದಿನ ದತ್ತೋಬಾ ಕುಡಿದಿದ್ದನೇ ಎಂದು ಊರಿನಲ್ಲಿ ಒಬ್ಬರೂ ಕೇಳಲಿಲ್ಲ.

ಏಕಾದಶಿಯಂದು ಹೆಂಗಸರು ಈಗಲೂ ಗಂಡಂದಿರನ್ನು ಕರೆದುಕೊಂಡು ಆ ಮಂದಿರಕ್ಕೆ ಬರುತ್ತಾರೆ. ಕೆಲವರು ಮಕ್ಕಳನ್ನೂ ತರುತ್ತಾರೆ. ದ್ವಾರಕಾಬಾಯಿ ಎಲ್ಲಿದ್ದರೂ ಎದ್ದು ಬಂದು ಮೊದಲು ಮಗುವನ್ನು ತನ್ನ ಬದಿಗೆ ಎಳೆದುಕೊಳ್ಳುತ್ತಾಳೆ. "ಕೂಸನ್ನ ನನ್ನ ಹತ್ರ ಬಿಡವಾ. ಅವರನ್ನ ದವಾಖಾನಿಗೆ ಕರಕೊಂಡು ಹೋಗು. ಆಮ್ಯಾಲೆ ಇಬ್ಬರೂ ಬರ್ರಿ."

ಮೊನ್ನೆ ಬಂದ ಹೊಸಬಳೊಬ್ಬಳು ಅಳು ನುಂಗಿಕೊಂಡು ಕೇಳಿದಳು. "ನಿಮ್ಮವರು ಈಗ ಪೂರಾ ಬಿಟ್ಟಾರೇನ್ರಿ?"

"ಅದನ್ನ ಅವರನ್ನ ಕೇಳು" ಎಂದಳು ದ್ವಾರಕಾಬಾಯಿ. "ಸಂಜಿಕ ಇಲ್ಲೇ ಇರ್ತಾರ."